ಹಾಜರಿ ಪುಸ್ತಕದಲ್ಲಿಲ್ಲದ ತೊಟ್ಟಿಲು

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮವ್ವ ನಾಲ್ಕು ಮನೆಗಳ ಮುಸುರೆ ತಿಕ್ಕುತ್ತಿದ್ದಳು. ಕತ್ತಲಿರುವಾಗಲೇ ಗುಗ್ಗರಹಟ್ಟಿಯಿಂದ ಹೊರಟರೆ, ಮೊದಲ ಮನೆಯ ಅಂಗಳ ಗುಡಿಸಿ, ಹಿತ್ತಲಲ್ಲಿ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಎರಡನೆಯ ಮನೆಗೆ ಹೋಗುವಷ್ಟರಲ್ಲಿ ಬಳ್ಳಾರಿಯ ಬಿಸಿಲು ಏರಿರುತ್ತಿತ್ತು. ತಮ್ಮ ಆಗ ಮೊಲೆ ಕುಡಿಯುವ ಕೂಸು. ಒಂದೆರಡು ದಿನ ಅವನನ್ನು ಜೊತೆಗೇ ಕರೆದೊಯ್ದು, ಹಿತ್ತಲ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದಳು. ಕೂಸು ಅತ್ತಿತು. ಆ ಮನೆಯ ಅಮ್ಮ ಕೆಟ್ಟವಳೇನಲ್ಲ. "ಕೂಸಿನ ಕಟ್ಕೊಂಡು ಬಂದ್ರ ಕೆಲಸ ಹೆಂಗವ್ವ ಆಗ್ತತಿ? ನಾಳಿಂದ ಮನಿಯಾಗ ಬಿಟ್ಟು ಬಾ" ಅಂದಳು. ಮನಿಯಾಗ ಯಾರಿದ್ದರು? ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಅಜ್ಜಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಮರುದಿನ ಅಕ್ಕ ಶಾಲೆಗೆ ಹೋಗಲಿಲ್ಲ. ಆಕೆ ಆಗ ಮೂರನೇ ಕ್ಲಾಸು. ಮತ್ತೆಂದೂ ಹೋಗಲಿಲ್ಲ.

ಕನಿಕರ ಬೇಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಕೇರಿಯಲ್ಲಿ ಇದು ಸುದ್ದಿಯೇ ಅಲ್ಲ. ಆದರೆ ಮುಂದೆ ನಾನು ಕಾಲೇಜು ಸೇರಿದಾಗ ಇತಿಹಾಸದ ಪಾಠದಲ್ಲಿ ಒಂದು ಮಾತು ಬಂತು. ಕೈಗಾರಿಕಾ ಕ್ರಾಂತಿಯಾದ ಮೇಲೆ ಮನೆ ಬೇರೆ, ಕೆಲಸದ ಜಾಗ ಬೇರೆ ಆಯಿತಂತೆ. ಗಂಡಸು ಹೊರಗೆ ಹೋಗಿ ಸಂಬಳ ತಂದನಂತೆ, ಹೆಂಗಸು ಒಳಗಿದ್ದು ಸಂಸಾರ ನೋಡಿಕೊಂಡಳಂತೆ. ನಾನು ಕೂತಲ್ಲೇ ಲೆಕ್ಕ ಹಾಕಿದೆ. ನಮ್ಮ ಮನೆಯಲ್ಲಿ ಅಪ್ಪನೂ ಹೊರಗೆ, ಅವ್ವನೂ ಹೊರಗೆ. ಒಳಗಿದ್ದವಳು ಎಂಟು ವರ್ಷದ ಅಕ್ಕ. ಹಾಗಾದರೆ ಆ ಪಾಠದಲ್ಲಿದ್ದ ಮನೆ ಯಾರದು?

ಗೆಳೆಯರೆ, ದುಡಿಮೆಯ ಇತಿಹಾಸವನ್ನು ನಮಗೆ ಹಾಜರಿ ಪುಸ್ತಕ ನೋಡಿ ಬರೆದುಕೊಟ್ಟಿದ್ದಾರೆ. ಹಾಜರಿ ಪುಸ್ತಕದಲ್ಲಿ ಒಬ್ಬ ಆಳಿನ ಹೆಸರಿರುತ್ತದೆ, ಮುಂದೆ ಹೆಬ್ಬೆಟ್ಟಿನ ಗುರುತಿರುತ್ತದೆ. ಆ ಆಳನ್ನು ಮರುದಿನ ಮತ್ತೆ ಕೆಲಸಕ್ಕೆ ಎಬ್ಬಿಸಿ ಕಳಿಸಿದವರು ಯಾರು, ಆತ ದುಡಿಯುವಾಗ ಆತನ ಕೂಸನ್ನು ಹೊತ್ತವರು ಯಾರು ಎಂಬುದು ಅಲ್ಲಿರುವುದಿಲ್ಲ. ನಮ್ಮ ಬಳ್ಳಾರಿ ಸೀಮೆಯ ಕಳೆದ ನೂರೈವತ್ತು ವರ್ಷದ ಕೂಲಿಯ ಕತೆಯನ್ನು ತೊಟ್ಟಿಲ ಕಡೆಯಿಂದ ಒಂದು ಸಲ ನೋಡೋಣ.

ಜೀತದ ಮನೆ

ಮೊದಲು ಜೀತ. ಜೀತ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವವನು ನೇಗಿಲು ಹಿಡಿದ ಒಬ್ಬ ಗಂಡಸು. ಆದರೆ ಜೀತಕ್ಕೆ ಹೋದದ್ದು ಒಬ್ಬನಲ್ಲ. ಆತ ಹೊಲ ಉತ್ತರೆ, ಹೆಂಡತಿ ಒಡೆಯರ ದನದ ಕೊಟ್ಟಿಗೆಯ ಸಗಣಿ ಬಾಚಬೇಕು, ಕಣ ಬಳಿಯಬೇಕು. ಮಗ ದನ ಕಾಯಬೇಕು. ಕೂಲಿ ಅಂತ ಸಿಗುತ್ತಿದ್ದ ಜೋಳವನ್ನು ಅಳೆಯುತ್ತಿದ್ದದ್ದು ಮಾತ್ರ ಒಬ್ಬ ಆಳಿನ ಲೆಕ್ಕದಲ್ಲಿ.

1976ರಲ್ಲಿ ಬಂದ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಓದಿದವರಿಗೆ ಇದು ಗೊತ್ತು. ಜೀತ ಎಂದರೇನು ಎಂದು ಹೇಳುವಾಗ ಆ ಕಾಯ್ದೆ, ಸಾಲಗಾರ ತಾನೇ ದುಡಿಯುವುದನ್ನಷ್ಟೇ ಅಲ್ಲ, ತನ್ನ ಕುಟುಂಬದ ಯಾರಾದರೊಬ್ಬರ ಮೂಲಕ ಅಥವಾ ತನ್ನನ್ನು ನಂಬಿದವರ ಮೂಲಕ ದುಡಿಸಿಕೊಡುವುದನ್ನೂ ಸೇರಿಸಿತು. ಹಿರಿಯರು ಮಾಡಿದ ಸಾಲಕ್ಕೆ ಕಿರಿಯರು ದುಡಿಯುವುದನ್ನೂ ಸೇರಿಸಿತು. ಇಡೀ ಸಂಸಾರವೇ ಅಡವಿಗೆ ಬಿದ್ದಿತ್ತು ಎಂಬುದನ್ನು ಸರ್ಕಾರದ ಕಾಗದ ಒಪ್ಪಿಕೊಂಡಿತು.

ಇದರೊಳಗೆ ಇನ್ನೊಂದು ಕ್ರೂರ ತಮಾಷೆಯಿದೆ. ನಮ್ಮವರು ಜೀತಕ್ಕೆ ಬಿದ್ದದ್ದು ಬಹಳ ಸಲ ಮದುವೆಯ ಸಾಲಕ್ಕೆ. ಐವತ್ತೋ ನೂರೋ ರೂಪಾಯಿ ತಂದು ತಾಳಿ ಕಟ್ಟಿದ. ಆ ತಾಳಿಯ ಸಾಲಕ್ಕೆ ತಾನು, ಹೆಂಡತಿ, ಹುಟ್ಟಲಿರುವ ಮಗ ಮೂವರನ್ನೂ ಬರೆದುಕೊಟ್ಟ. ಸಂಸಾರ ಕಟ್ಟುವುದಕ್ಕೆಂದೇ ಸಂಸಾರವನ್ನು ಒತ್ತೆಯಿಟ್ಟ. "ಉಂಡ ಮನೆಯ ಋಣ" ಎಂಬ ಮಾತನ್ನು ಒಡೆಯರು ಇಲ್ಲಿ ಚೆನ್ನಾಗಿ ಬಳಸಿಕೊಂಡರು. ಹೆಂಗಸು, ಮಕ್ಕಳು ಮಾಡಿದ ಚಾಕರಿಗೆ ಕೂಲಿ ಯಾಕಿಲ್ಲ ಎಂದರೆ ಅದು ಋಣ.

ಮಗನಿಲ್ಲದ ಮನೆಯ ಕತೆ ಇನ್ನೂ ಬೇರೆ. ಬಳ್ಳಾರಿ ಸೀಮೆಯಲ್ಲಿ ಅಂಥ ಮನೆಯವರು ಮಗಳನ್ನು ಬಸವಿ ಬಿಡುತ್ತಿದ್ದರು. 1890ರ ಸುಮಾರಿಗೆ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಇಲ್ಲಿನ ಬಸವಿಯರ ಬಗ್ಗೆ ಬರೆದಿಟ್ಟ. ಆಕೆಗೆ ಮಗನ ಹಾಗೆ ಆಸ್ತಿಯ ಹಕ್ಕು, ಅಪ್ಪನ ಕೊನೆಯ ಕಾರ್ಯ ಮಾಡುವ ಹಕ್ಕು ಉಂಟು ಎಂದು ಹೊರಗಿನವರಿಗೆ ಅಚ್ಚರಿ. ಆಸ್ತಿಯೇ ಇಲ್ಲದ ಕೇರಿಯಲ್ಲಿ ಆ ಹಕ್ಕಿನ ಅರ್ಥ ಒಂದೇ: ಮನೆಯ ಮುದುಕರನ್ನು, ತಂಗಿ ತಮ್ಮಂದಿರನ್ನು ಸಾಕುವ ಹೊರೆ ಆಕೆಯ ಮೈಮೇಲೆ. ದೇವರ ಹೆಸರಲ್ಲಿ ಊರ ಉಳ್ಳವರು ಆಕೆಯನ್ನು ಉಂಡರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ 1947ರ ಮದ್ರಾಸ್ ದೇವದಾಸಿ ಕಾಯ್ದೆ ಇಲ್ಲಿಗೂ ಬಂತು. ಮುಂದೆ 1982ರಲ್ಲಿ ಕರ್ನಾಟಕದ ಕಾಯ್ದೆ. ಆದರೂ ರಾಜ್ಯ ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ಎಣಿಸಿದಾಗ ಎರಡೂ ಸೇರಿ 46,660 ಹೆಣ್ಣುಮಕ್ಕಳ ಹೆಸರು ಪಟ್ಟಿಗೆ ಬಂತು. ಇವರೆಲ್ಲ ಸಂಸಾರವಿಲ್ಲದವರೆಂದು ಊರು ಹೇಳುತ್ತದೆ. ಸಂಸಾರ ಸಾಕಿದವರೇ ಇವರು.

ಧಾತು ವರ್ಷದ ಹಾಜರಿ

1876, ಧಾತು ಸಂವತ್ಸರ. ಮಳೆ ಕೈಕೊಟ್ಟಿತು. ಮುಂದಿನ ಈಶ್ವರ ಸಂವತ್ಸರದಲ್ಲೂ ನೆಲ ಒಣಗಿಯೇ ಇತ್ತು. ಧಾತು ಈಶ್ವರದ ಬರ ಎಂದು ಹಿರಿಯರು ಕರೆದದ್ದು ಇದನ್ನೇ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಕರಗಿತು.

ಕಂಪನಿ ಹೋಗಿ ರಾಣಿಯ ಸರ್ಕಾರ ಬಂದಿತ್ತು. ಅದು ಬರದ ಕಾಮಗಾರಿ ತೆರೆಯಿತು. ಕಲ್ಲು ಒಡೆಯಬೇಕು, ರಸ್ತೆಗೆ ಮಣ್ಣು ಹೊರಬೇಕು, ಕಾಳು ಇಸಕೊಳ್ಳಬೇಕು. ಖರ್ಚು ಹೆಚ್ಚಾಯಿತೆಂದು 1877ರ ಜನವರಿಯಲ್ಲಿ ವೈಸರಾಯ್ ಲಿಟನ್ ಸರ್ ರಿಚರ್ಡ್ ಟೆಂಪಲ್‌ನನ್ನು ಮದ್ರಾಸಿಗೆ ಕಳಿಸಿದ. ಟೆಂಪಲ್ ಕೂಲಿ ಇಳಿಸಿದ: ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಚಿಲ್ಲರೆ ಕಾಸು. ಹೆಣ್ಣಾಳಿಗೆ, ದುಡಿಯುವ ಮಗುವಿಗೆ ಅದಕ್ಕಿಂತ ಕಡಿಮೆ. ದಿನವಿಡೀ ಕಲ್ಲು ಒಡೆಯುವ ದೇಹಕ್ಕೆ ಇದು ಸಾಲದು, ಒಂದೂವರೆ ಪೌಂಡು ಧಾನ್ಯ, ಜೊತೆಗೆ ಬೇಳೆ ಕಾಯಿಪಲ್ಲೆ ಬೇಕು ಎಂದು ಪ್ರಾಂತ್ಯದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಜಗಳಕ್ಕೇ ನಿಂತ. ಮಾರ್ಚಿನಲ್ಲಿ ಸರ್ಕಾರ ಅರ್ಧ ದಾರಿ ಬಗ್ಗಿತು: 570 ಗ್ರಾಂ ಧಾನ್ಯ, 43 ಗ್ರಾಂ ಬೇಳೆ. ಇಬ್ಬರು ಬಿಳಿಯರು ನಮ್ಮ ಹೊಟ್ಟೆಯ ಅಳತೆಯನ್ನು ಗ್ರಾಂ ಲೆಕ್ಕದಲ್ಲಿ ವಾದಿಸುತ್ತಿದ್ದಾಗ ಹಳ್ಳಿಗಳು ಖಾಲಿಯಾಗುತ್ತಿದ್ದವು.

ನಮಗೆ ಬೇಕಾದ ವಿಷಯ ಆ ಹಾಜರಿ ಪುಸ್ತಕದಲ್ಲಿದೆ. ಗಂಡಾಳು, ಹೆಣ್ಣಾಳು, ದುಡಿಯುವ ಮಗು ಎಂದು ಮೂರು ದರ ಹಾಕಿ, ಇಡೀ ಸಂಸಾರವನ್ನು ಸರ್ಕಾರ ಕೆಲಸಕ್ಕೆ ಹಚ್ಚಿತು. ದುಡಿಯಲಾಗದ ಕೂಸು, ಮುದುಕ, ಬಾಣಂತಿ ಏನು ಮಾಡಬೇಕು? ಅವರಿಗೆ ಬೇರೆ ಪುಸ್ತಕ. ಅಲ್ಲಿ ಕೊಡುವುದು ಕೂಲಿಯಲ್ಲ, ಪುಕ್ಕಟೆ ಪರಿಹಾರ. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟ ಮೇಲೆ ಬಂದ ಕ್ಷಾಮ ಸಂಹಿತೆಗಳಲ್ಲಿ ಈ ಗೆರೆ ಗಟ್ಟಿಯಾಯಿತು: ಗಟ್ಟಿಮುಟ್ಟಾದವರಿಗೆ ಕೆಲಸ, ಕೈಲಾಗದವರಿಗೆ ಧರ್ಮ.

ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕಾಮಗಾರಿಯ ಬಿಸಿಲಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮಣ್ಣು ಹೊತ್ತ ತಾಯಿಯನ್ನು ಇದರಲ್ಲಿ ಎಲ್ಲಿ ಕೂರಿಸುತ್ತೀರಿ? ಬುಟ್ಟಿ ಹೊತ್ತದ್ದು ಕೂಲಿ. ಕೂಸು ಹೊತ್ತದ್ದು ಯಾವುದೂ ಅಲ್ಲ. ಕೂಸು ಹೊತ್ತದ್ದಕ್ಕೆ ಬುಟ್ಟಿ ಕಡಿಮೆಯಾಯಿತಲ್ಲ, ಅದಕ್ಕೆ ಕೂಲಿಯೂ ಕಡಿಮೆ. ಹೆಣ್ಣಾಳಿನ ಕೂಲಿ ಯಾಕೆ ಕಡಿಮೆ ಎಂಬ ಪ್ರಶ್ನೆಗೆ ಇಂದಿಗೂ ಹೊಲದ ದಣಿ ಕೊಡುವ ಉತ್ತರ ಇದೇ ತಾನೆ? 1976ರಲ್ಲಿ ಸಮಾನ ವೇತನದ ಕಾಯ್ದೆ ಬಂದಾಗಲೂ ಈ ಉತ್ತರ ಬದಲಾಗಲಿಲ್ಲ.

ಬಾಬಾಸಾಹೇಬರ ಮಾತು

ತೊಟ್ಟಿಲ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಈ ದೇಶದ ಶಾಸನಸಭೆಯಲ್ಲಿ ನೆಟ್ಟಗೆ ಎತ್ತಿದವರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಮುಂಚಿನವರು. ಆ ಕಾಲದ ಮುಂಬಯಿಯ ಗಿರಣಿ ಹೆಂಗಸರು ಹೆರಿಗೆಯಾದ ಕೆಲವೇ ದಿನಕ್ಕೆ ಕೆಲಸಕ್ಕೆ ಓಡುತ್ತಿದ್ದರು. ಕೂಸು ಅಳದೆ ಮಲಗಿರಲೆಂದು ಅಫೀಮು ನೆಕ್ಕಿಸಿ ಹೋಗುತ್ತಿದ್ದರು. ಅಫೀಮು ಆ ತಾಯಂದಿರ ತೊಟ್ಟಿಲು.

1928ರ ಜುಲೈ 28ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಅಂಬೇಡ್ಕರರು ಅದರ ಪರ ಮಾತಾಡಿದರು. ಹೆರಿಗೆಯ ಹಿಂದು ಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಅದರ ಭಾರ ಬಹುಪಾಲು ಸರ್ಕಾರದ ಮೇಲಿರಬೇಕು, ಆದರೆ ಹೆಣ್ಣಾಳಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಅದಕ್ಕೆ ಹೊರತಲ್ಲ ಎಂಬುದು ಅವರ ವಾದದ ತಿರುಳು. ಇದರಲ್ಲಿ ಏನಿದೆ ಎಂದು ಮೂಗು ಮುರಿಯಬೇಡಿ. ಹೆರುವುದು, ಸಾಕುವುದು ಹೆಂಗಸಿನ ಹಣೆಬರಹ, ಅವಳ ಮನೆಯೊಳಗಿನ ಸಂಗತಿ ಎಂದು ಧರ್ಮಶಾಸ್ತ್ರ ಸಾವಿರಾರು ವರ್ಷ ಹೇಳಿಕೊಂಡು ಬಂದಿತ್ತು. ಅಂಬೇಡ್ಕರರು ಅದನ್ನು ಸರ್ಕಾರದ ಮತ್ತು ಮಾಲೀಕನ ಲೆಕ್ಕದ ಪುಸ್ತಕಕ್ಕೆ ತಂದು ಹಾಕಿದರು. 1929ರಲ್ಲಿ ಮುಂಬಯಿಯಲ್ಲಿ ಆ ಕಾಯ್ದೆ ಆಯಿತು. ಈ ಬಗೆಯ ಕಾಯ್ದೆ ನಮ್ಮ ದೇಶದಲ್ಲಿ ಅದೇ ಮೊದಲು.

ಮದ್ರಾಸ್ ಪ್ರಾಂತ್ಯಕ್ಕೆ, ಅಂದರೆ ಬಳ್ಳಾರಿಗೆ, 1934ರಲ್ಲಿ ಅಂಥದೇ ಒಂದು ಕಾಯ್ದೆ ಬಂತು. ಆದರೆ ಅದು ವರ್ಷವಿಡೀ ನಡೆಯುವ ಕಾರ್ಖಾನೆಗಳ ಹೆಂಗಸರಿಗೆ. ನಮ್ಮದು ಹತ್ತಿಯ ಸೀಮೆ. ಹತ್ತಿ ಬಿಡಿಸುವವರು ಹೊಲದ ಹೆಂಗಸರು, ಜಿನ್ನಿನಲ್ಲಿ ಹತ್ತಿ ಅರೆಯುವವರೂ ಹೆಂಗಸರು. ಜಿನ್ನು ನಡೆಯುವುದು ಸುಗ್ಗಿಯ ಕೆಲವೇ ತಿಂಗಳು. ಹೊಲ ಕಾರ್ಖಾನೆಯಲ್ಲ, ಜಿನ್ನು ವರ್ಷದ್ದಲ್ಲ. ಕಾನೂನಿನ ಜೋಳಿಗೆ ನಮ್ಮ ಹೆಂಗಸರ ತನಕ ಬಂದು, ಮುಟ್ಟದೆ ಹಾಗೇ ಹಿಂದೆ ಹೋಯಿತು.

ಕಾಲುವೆ ಬಂತು

1945ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಯಿತು. ಒಂದು ದಡ ನಿಜಾಮನದು, ಇನ್ನೊಂದು ದಡ ಮದ್ರಾಸಿನದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಣೆಕಟ್ಟಿನ ಹಿನ್ನೀರಿಗೆ 90 ಹಳ್ಳಿಗಳು, ಸುಮಾರು 54 ಸಾವಿರ ಜನರ ಬದುಕು ಹೋಯಿತು.

ಕೆಳಮಟ್ಟದ ಕಾಲುವೆಯ ನೀರು ಕುರುಗೋಡು, ಸಿರುಗುಪ್ಪದ ಕಡೆ ಹರಿಯಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಕರಿಯ ನೆಲದಲ್ಲಿ ನೆಲ್ಲು ಎದ್ದು ನಿಂತಿತು. ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಭೂಮಿಯ ಬೆಲೆ ಏರಿತು, ಅಕ್ಕಿ ಗಿರಣಿಗಳು ಬಂದವು. ನಮ್ಮವರಿಗೆ ಏನು ಬಂತು? ಕೆಲಸ ಬಂತು, ಸುಳ್ಳು ಹೇಳಬಾರದು. ಕಾಳಿನ ಬದಲು ಕೈಗೆ ರೊಕ್ಕ ಬಂತು. ರೊಕ್ಕ ಕೈಗೆ ಬಂದ ಹೆಂಗಸು ಒಡೆಯರ ಮನೆಯ ಬಿಟ್ಟಿ ಚಾಕರಿಗೆ "ಬರಂಗಿಲ್ಲ" ಎಂದು ಹೇಳುವ ಧೈರ್ಯವನ್ನೂ ಸ್ವಲ್ಪ ಸಂಪಾದಿಸಿದಳು. ಕೂಲಿಯ ಈ ಗುಣವನ್ನು ನಾವು ಮರೆಯಬಾರದು. ಜೀತದಿಂದ ಕೂಲಿಗೆ ಬಂದದ್ದು ಮುಂದಿಟ್ಟ ಹೆಜ್ಜೆಯೇ.

ಆದರೆ ನಾಟಿಯ ಕೆಲಸದ ಬಗೆ ನೋಡಿ. ಸಸಿ ಹಚ್ಚುವುದು ಹೆಂಗಸರ ಕೆಲಸ. ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾಡಿಕೊಂಡು ಹತ್ತು ಹದಿನೈದು ಹೆಂಗಸರ ಗುಂಪು ಗದ್ದೆಗೆ ಇಳಿಯುತ್ತದೆ. ಗುಂಪಿನ ಸಾಲು ಒಟ್ಟಿಗೆ ಹಿಂದೆ ಸರಿಯಬೇಕು. ಒಬ್ಬಳು ಮೊಲೆ ಕೊಡಲು ಬದುವಿಗೆ ಹೋದರೆ ಉಳಿದವರ ಕೂಲಿಗೆ ಹೊಡೆತ. ಹೀಗಾಗಿ ಕೂಸನ್ನು ಬೇಡ ಎನ್ನುವುದಕ್ಕೆ ದಣಿಯೇ ಬೇಕಿಲ್ಲ, ಜೊತೆಯ ಹೆಂಗಸರೇ ಸಾಕು. ಗುತ್ತಿಗೆ ಎಂಬ ಲೆಕ್ಕ ನಮ್ಮ ನಮ್ಮಲ್ಲೇ ದಣಿಯನ್ನು ಹುಟ್ಟಿಸುತ್ತದೆ. ಬದುವಿನ ಮೇಲೆ ಕೂಸಿನ ಕಾವಲಿಗೆ ಕೂರುವವಳು ಏಳೆಂಟು ವರ್ಷದ ಹುಡುಗಿ.

ಹಳ್ಳಿಯ ಮೇಷ್ಟ್ರುಗಳೇ, ಇಲ್ಲಿ ನಿಮ್ಮನ್ನು ಕೇಳಬೇಕು. ನಾಟಿಯ ತಿಂಗಳ ನಿಮ್ಮ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ಕೇರಿಯ ಯಾವ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿ ಬಿದ್ದಿದೆ? ಹೊಲದ ಹಾಜರಿ ಪುಸ್ತಕದಲ್ಲಿ ತಾಯಿ ಹಾಜರು ಎಂದಿದ್ದರೆ, ಶಾಲೆಯ ಪುಸ್ತಕದಲ್ಲಿ ಮಗಳು ಗೈರು. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಯಾರೂ ಇಲ್ಲ. ನಮ್ಮ ಅಕ್ಕನನ್ನು ಸಿರುಗುಪ್ಪದ ಕಡೆಯ ಒಂದು ಹಳ್ಳಿಗೇ ಕೊಟ್ಟರು. ಆಕೆಯೂ ಸಸಿ ಹಚ್ಚಲು ಹೋದಳು, ಆಕೆಯ ಹಿರಿಯ ಮಗಳೂ ಬದುವಿನ ಮೇಲೆ ಕೂತಳು.

ಕೆಂಪು ಧೂಳು

ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ತೆಗೆಯುವುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಶುರುವಾಗಿತ್ತು. 1977ರಲ್ಲಿ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಎನ್.ಎಂ.ಡಿ.ಸಿ.ಯ ದೊಡ್ಡ ಯಂತ್ರಗಳ ಕಬ್ಬಿಣದ ಗಣಿ ಬಂತು. ಗಣಿ ಕಾನೂನು ಕಾಗದದ ಮೇಲೆ ಕೆಟ್ಟದ್ದೇನಲ್ಲ. ಹೆಂಗಸರು ದುಡಿಯುವ ಗಣಿಯಲ್ಲಿ ಕೂಸಿನ ಕೋಣೆ ಇರಬೇಕೆಂದು 1966ರಲ್ಲೇ ನಿಯಮ ಮಾಡಿದ್ದರು. 1983ರ ತಿದ್ದುಪಡಿ 18 ವರ್ಷದೊಳಗಿನವರನ್ನು ಗಣಿಯ ಕೆಲಸಕ್ಕೆ ಹಚ್ಚಬಾರದೆಂದಿತು.

2000ದ ನಂತರ ಚೀನಾ ದೇಶ ಅದಿರಿಗೆ ಬಾಯಿ ತೆರೆಯಿತು. ಹೊಸಪೇಟೆ, ಸಂಡೂರು, ಬಳ್ಳಾರಿಯ ಸುತ್ತ ಹೊಲಗಳೇ ಗಣಿಯಾದವು. ನೆಲದ ಮೇಲೇ ಸಿಗುವ ಅದಿರನ್ನು ಸುತ್ತಿಗೆಯಿಂದ ಒಡೆದು, ಜರಡಿ ಹಿಡಿದು, ಗುಡ್ಡೆ ಹಾಕಲು ಸಂಸಾರ ಸಂಸಾರಗಳೇ ಬಂದು ಪ್ಲಾಸ್ಟಿಕ್ ಹಾಳೆಯ ಡೇರೆ ಹಾಕಿದವು. ಇಲ್ಲಿ ಜೀತದ ಲೆಕ್ಕ ಹೊಸ ವೇಷದಲ್ಲಿ ಬಂತು. ಕೂಲಿ ತಲೆಗಲ್ಲ, ಒಡೆದ ಅದಿರಿಗೆ. ಅಪ್ಪ ಅಗೆದರೆ, ಅವ್ವ ಒಡೆದರೆ, ಮಗು ಆಯ್ದು ಬುಟ್ಟಿಗೆ ಹಾಕಿದರೆ ಗುಡ್ಡೆ ಬೇಗ ಏರುತ್ತದೆ. ದುಡ್ಡು ಕೊಡುವ ಮೇಸ್ತ್ರಿಗೆ ಕಾಣುವುದು ಗುಡ್ಡೆ, ಅದನ್ನು ಒಟ್ಟಿದ ಕೈಗಳಲ್ಲ. ಮಗು ಆಳೇ ಅಲ್ಲ, ಅಪ್ಪ ಅವ್ವನ ಜೊತೆ ಆಡಲು ಬಂದದ್ದು. ಹೀಗಿರುವಾಗ ಕೂಸಿನ ಕೋಣೆ ಯಾರಿಗೆ?

2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಲೆಕ್ಕ ಕೊಟ್ಟರು. ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ವರದಿ ಬೇಕಿತ್ತು, ಆ ಆದೇಶವೂ ಬೇಕಿತ್ತು. ಆದರೆ ಡೇರೆಯವರಿಗೆ ನಾಳೆಯಿಂದ ಕೂಲಿ ಇಲ್ಲ ಎಂಬಷ್ಟೇ ಸುದ್ದಿ ಮುಟ್ಟಿತು. ಹೋದ ಅದಿರಿಗೆ ಲೆಕ್ಕ ಸಿಕ್ಕಿತು. ಅದಿರಿನ ಗುಡ್ಡೆಯ ಪಕ್ಕ ಬೆಳೆದ ಮಕ್ಕಳ ಹೋದ ಶಾಲೆಗೆ ಲೆಕ್ಕ ಹಾಕಿಕೊಡುವ ಲೋಕಾಯುಕ್ತ ಇನ್ನೂ ಬಂದಿಲ್ಲ.

ಮನೆಯೊಳಗೆ ಬಂದ ಕಾರ್ಖಾನೆ

ಬಳ್ಳಾರಿಯ ಜೀನ್ಸ್ ಪ್ಯಾಂಟು ದೇಶದ ಊರೂರಿಗೆ ಹೋಗುತ್ತದೆ. ಅದರ ಕೆಲಸ ಕಾರ್ಖಾನೆಯಲ್ಲಿ ಮುಗಿಯುವುದಿಲ್ಲ. ಕೌಲ್ ಬಜಾರಿನ ಓಣಿಗಳಲ್ಲಿ ನಡೆದು ನೋಡಿ. ಹೊಸ್ತಿಲ ಮೇಲೆ ಹೆಂಗಸರು ಪ್ಯಾಂಟಿನ ಗುಡ್ಡೆ ಹಾಕಿಕೊಂಡು ಉಳಿದ ದಾರ ಕತ್ತರಿಸುತ್ತಾರೆ, ಗುಂಡಿ ಹಾಕುತ್ತಾರೆ. ಒಂದು ಪೀಸಿಗೆ ಇಷ್ಟು ಎಂದು ಕೂಲಿ. "ಮನಿಯಾಗ ಕುಂತು ನಾಕು ಕಾಸು ಬರ್ತಾವ, ಕೂಸಿನೂ ನೋಡ್ಕೋಬಹುದು" ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಕೂಸನ್ನು ನೋಡಿಕೊಳ್ಳಲು ಬೇರೆ ದಾರಿಯೇ ಇಲ್ಲದ್ದರಿಂದ ಅಗ್ಗದ ಕೂಲಿಗೆ ಒಪ್ಪಿದ್ದೇವೆ ಎಂಬುದೂ ಅದೇ ಮಾತಿನ ಒಳಗಿದೆ.

1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಕೂಸಿನ ಕೋಣೆ ಇರಬೇಕೆಂದಿತ್ತು. 1976ರಲ್ಲಿ ಅದನ್ನು 30ಕ್ಕೆ ಇಳಿಸಿದರು. ಒಂದೇ ಸೂರಿನ ಕೆಳಗೆ ಮೂವತ್ತು ಹೆಂಗಸರನ್ನು ಕೂರಿಸದೆ ಮೂವತ್ತು ಮನೆಗೆ ಕೆಲಸ ಹಂಚಿದರೆ ಕೋಣೆಯೂ ಬೇಡ, ದೀಪದ ಬಿಲ್ಲೂ ಬೇಡ, ಜಾಗದ ಬಾಡಿಗೆಯೂ ಬೇಡ. ಎಲ್ಲವೂ ಹೆಂಗಸಿನ ಮನೆಯ ಖರ್ಚು. ಶಾಲೆಯಿಂದ ಬಂದ ಮಗ ಕತ್ತರಿ ಹಿಡಿದು ಅವ್ವನ ಜೊತೆ ಕೂರುತ್ತಾನೆ. ಇವನನ್ನು ಬಾಲಕಾರ್ಮಿಕ ಎಂದು ಯಾರು ಹೇಳಬೇಕು? ಅವನು ಮನೆಯಲ್ಲಿದ್ದಾನೆ!

ಮತ್ತೆ ಪಾರ್ವತಿನಗರ

ಬಳ್ಳಾರಿಯಲ್ಲಿ ಬಿಳಿಯರ ದಂಡು ಇದ್ದಾಗಲೇ ದಂಡಿನ ಬಂಗಲೆಗಳಿಗೆ ಆಯಾ, ಅಡುಗೆಯವ, ಜಾಡಮಾಲಿ ಬೇಕಿದ್ದರು. ದನದ ಮಾಂಸದ ಅಡುಗೆ ಮಾಡಲು, ಕಕ್ಕಸು ಬಳಿಯಲು ಮೇಲುಜಾತಿಯವರು ಬರಲಾರರು. ಆ ಬಾಗಿಲು ನಮ್ಮವರಿಗೆ ತೆರೆಯಿತು. ಬಿಳಿಯರು ಹೋದರು. ಪಾರ್ವತಿನಗರದಂಥ ಬಡಾವಣೆಗಳಲ್ಲಿ ಸಂಬಳದವರ ಮನೆಗಳು ಬಂದವು. ಅಲ್ಲಿ ನಮ್ಮವ್ವನಿಗೆ ಹಿತ್ತಲ ಬಾಗಿಲು ತೆರೆಯಿತು, ಅಡುಗೆಮನೆಯ ಬಾಗಿಲು ತೆರೆಯಲಿಲ್ಲ. ಆಕೆ ತಿಕ್ಕಿಟ್ಟ ಪಾತ್ರೆಗೆ ಮತ್ತೆ ನೀರು ಚಿಮುಕಿಸಿ ಒಳಗೆ ಒಯ್ಯುವುದನ್ನು ನಾನು ಕಂಡಿದ್ದೇನೆ.

ಆ ಮನೆಯ ಅಮ್ಮನೂ ನೌಕರಿಯಲ್ಲಿದ್ದಳು. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಸರ್ಕಾರಿ ನೌಕರರ ನಿಯಮ ಇವೆಲ್ಲ ಆಕೆಯಂಥವರಿಗೆ ಸಂಬಳದ ರಜೆ ಕೊಟ್ಟವು. 2017ರಲ್ಲಿ ಆ ಕಾಯ್ದೆಯ ರಜೆ 26 ವಾರಕ್ಕೆ ಏರಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ನಮಗೆ ಇದರ ಮೇಲೆ ಹೊಟ್ಟೆಕಿಚ್ಚಿಲ್ಲ. ಅದು ಹೋರಾಡಿ ಪಡೆದ ಹಕ್ಕು. ಆದರೆ ರಜೆ ಮುಗಿದ ಮರುದಿನ ಆಕೆ ಕಚೇರಿಗೆ ಹೋಗಲು ಸಾಧ್ಯವಾದದ್ದು ನಮ್ಮವ್ವ ಅವಳ ಮನೆಗೆ ಬಂದದ್ದರಿಂದ. ನಮ್ಮವ್ವ ಬರಲು ಸಾಧ್ಯವಾದದ್ದು ಅಕ್ಕ ಶಾಲೆ ಬಿಟ್ಟದ್ದರಿಂದ. ಒಂದು ನೌಕರಿಯ ಕೆಳಗೆ ಇನ್ನೊಂದು ಕೂಲಿ, ಅದರ ಕೆಳಗೆ ಕೂಲಿಯೇ ಇಲ್ಲದ ಒಂದು ಮಗು.

2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರ ಹಕ್ಕಿಗೆಂದೇ ಒಂದು ಒಡಂಬಡಿಕೆ ಮಾಡಿತು. ಭಾರತ ಅದರ ಪರ ಮತ ಹಾಕಿತು, ಅನುಮೋದನೆ ಕೊಡಲಿಲ್ಲ. ಹೆರಿಗೆ ರಜೆಗೆ ಹತ್ತು ಜನ ದುಡಿಯುವ ಸಂಸ್ಥೆ ಬೇಕು. ನಮ್ಮವ್ವ ನಾಲ್ಕು ಮನೆಯಲ್ಲಿ ದುಡಿದರೂ ಪ್ರತಿ ಮನೆಯಲ್ಲೂ ಆಕೆ ಒಬ್ಬಳೇ.

ಕೂಸು ನೋಡಿಕೊಳ್ಳುವುದನ್ನೇ ಸರ್ಕಾರ ಕೆಲಸವಾಗಿ ಕೊಟ್ಟ ಕಡೆ ಏನಾಗಿದೆ? 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾಯಿತು. ಅಲ್ಲಿ ದುಡಿಯುವ ಹೆಂಗಸಿಗೆ ಕೊಡುವುದು ಸಂಬಳವಲ್ಲ, ಗೌರವಧನ. 2006ರಲ್ಲಿ ಕರ್ನಾಟಕದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ಕೋರ್ಟು ಹೇಳಲು 2022 ಬರಬೇಕಾಯಿತು. ಇನ್ನು ತನ್ನ ಮನೆಯಲ್ಲೇ ಮಕ್ಕಳನ್ನು ಸಾಕುವ ಹೆಂಗಸನ್ನು 2001ರ ಜನಗಣತಿ ಭಿಕ್ಷುಕರು, ಕೈದಿಗಳ ಜೊತೆ ಸೇರಿಸಿ "ದುಡಿಯದವರು" ಎಂದು ಎಣಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ತರಾಟೆಗೆ ತೆಗೆದುಕೊಂಡಿತು.

ಒಮ್ಮೆ ಹಿಂದಿರುಗಿ ನೋಡಿ. ಕೂಸು ಸಾಕುವ ದುಡಿಮೆಯನ್ನು ಜೀತದ ಒಡೆಯ ಋಣ ಎಂದ. ಬರದ ಸರ್ಕಾರ ಧರ್ಮ ಎಂದಿತು. ಅಂಗನವಾಡಿಯಲ್ಲಿ ಅದು ಗೌರವ. ಮನೆಯಲ್ಲಿ ಅದು ಮಮತೆ. ಇಷ್ಟೆಲ್ಲ ದೊಡ್ಡ ಹೆಸರುಗಳನ್ನು ಕೊಟ್ಟವರು ಕೂಲಿ ಎಂಬ ಸಣ್ಣ ಹೆಸರನ್ನು ಮಾತ್ರ ಕೊಡಲಿಲ್ಲ.

ಐದು ಕೂಸುಗಳ ಲೆಕ್ಕ

ಒಂದು ಕಡೆ ಕೊಟ್ಟಿದ್ದರು. 2005ರ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲಿ ಒಂದು ಸಾಲಿತ್ತು. ಕೆಲಸದ ಜಾಗಕ್ಕೆ ಹೆಂಗಸರ ಜೊತೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಒಬ್ಬ ಹೆಂಗಸನ್ನು ಮಕ್ಕಳನ್ನು ನೋಡಿಕೊಳ್ಳಲೆಂದೇ ನೇಮಿಸಬೇಕು, ಆಕೆಗೂ ಕೂಲಿ ಕೊಡಬೇಕು. ಧಾತು ವರ್ಷದ ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದ ತೊಟ್ಟಿಲು 129 ವರ್ಷದ ಮೇಲೆ ಹಾಜರಿ ಪುಸ್ತಕಕ್ಕೆ ಬಂತು. ಮಣ್ಣು ಹೊತ್ತವಳಿಗೂ ಕೂಸು ಹೊತ್ತವಳಿಗೂ ಕೂಲಿ! ಕೆರೆ ಹೂಳೆತ್ತುವ ನಮ್ಮ ಹೆಂಗಸರಲ್ಲಿ ಈ ಸಾಲು ಗೊತ್ತಿದ್ದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ನಾವು, ಸಂಘಟನೆ ಮಾಡುವವರು, ದಿನಗೂಲಿ ಎಷ್ಟು ಎಂದು ಕೂಗಿದೆವು. ಈ ಸಾಲನ್ನು ಓದಿ ಹೇಳಲಿಲ್ಲ. ಈ ತಪ್ಪು ನಮ್ಮದು.

ಅದೇ ಕಾಯ್ದೆಯ ಇನ್ನೊಂದು ಮುಖವನ್ನೂ ನೋಡಬೇಕು. 100 ದಿನದ ಖಾತರಿ ಇದ್ದದ್ದು ಒಬ್ಬ ವ್ಯಕ್ತಿಗಲ್ಲ, ಒಂದು ಕುಟುಂಬಕ್ಕೆ. ಗಂಡ ಹೆಂಡತಿ ಇಬ್ಬರೂ ಹೋದರೆ ದಿನಗಳು ಇಬ್ಬರಲ್ಲಿ ಹಂಚಿ ಹೋಗುತ್ತವೆ. ದುಡಿಸಿಕೊಳ್ಳುವಾಗ ಒಬ್ಬೊಬ್ಬರನ್ನೂ ಎಣಿಸುವ ಸರ್ಕಾರ, ಹಕ್ಕು ಕೊಡುವಾಗ ಸಂಸಾರಕ್ಕೆಲ್ಲ ಒಂದೇ ಎಂದಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಬೇರೊಂದನ್ನು ತಂದು ದಿನಗಳನ್ನು 125 ಎಂದಿತು. ಎಣಿಕೆ ಈಗಲೂ ಕುಟುಂಬಕ್ಕೇ.

2023ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಕಾರರ ಮಕ್ಕಳಿಗೆ "ಕೂಸಿನ ಮನೆ" ತೆರೆಯುವುದಾಗಿ ಹೇಳಿತು. ಹೆಸರು ಚೆನ್ನಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ತೆರೆದಿದೆಯೇ, ಕೇರಿಯ ಕೂಸಿಗೂ ಊರಿನ ಕೂಸಿಗೂ ಅಲ್ಲಿ ಒಂದೇ ಚಾಪೆಯೇ, ಅಲ್ಲಿ ಕೂಸು ನೋಡುವ ಹೆಂಗಸಿಗೆ ತಿಂಗಳ ದುಡ್ಡು ಸಿಕ್ಕಿದೆಯೇ? ಇಷ್ಟನ್ನು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಹೊಸ ಕಾಯ್ದೆಯ ಕೆಲಸದ ಜಾಗದಲ್ಲಿ ಐದು ಕೂಸುಗಳ ಲೆಕ್ಕ ಉಳಿಯಿತೇ ಎಂದೂ ಕೇಳಿ. ಮೇಷ್ಟ್ರುಗಳು ಗೈರುಹಾಜರಿಯ ಮುಂದೆ ಕಾರಣವನ್ನೂ ಬರೆದಿಡಲಿ. "ಕೂಸು ಕಾಯಲು" ಎಂಬ ಎರಡು ಪದ ನೂರು ಪುಸ್ತಕದಲ್ಲಿ ಸೇರಿದರೆ ಅದೇ ಒಂದು ಅರ್ಜಿಯಾಗುತ್ತದೆ. ನಗರದ ಮನೆಗೆಲಸದವರಿಗೆ ಈ ಅರೆಬರೆ ಸಾಲೂ ಇಲ್ಲ. ಅದನ್ನು ಹೊಸದಾಗಿಯೇ ಬರೆಸಬೇಕು.

ಈ ಲೇಖನ ಬರೆಯುವ ಮುಂಚೆ ಸಿರುಗುಪ್ಪದ ಕಡೆ ಹೋಗಿ ಅಕ್ಕನನ್ನು ಮಾತಾಡಿಸಿದೆ. "ಅಕ್ಕಾ, ನಿನ್ನ ಸಾಲಿ ಬಿಡಿಸಿದ್ದು ಯಾರು? ಅವ್ವನಾ, ಆ ಮನಿ ಅಮ್ಮನಾ?" ಎಂದು ಕೇಳಿದೆ. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ಯಾರೂ ಬಿಡಿಸ್ಲಿಲ್ಲಪ್ಪ ತಮ್ಮಾ. ಯಾರಾರ ಒಬ್ರು ಮನಿಯಾಗ ಇರಬೇಕಿತ್ತು. ನಾ ಇದ್ದೆ. ನೀ ಓದಿದಿ" ಅಂದಳು.

ನನ್ನ ಡಿಗ್ರಿಯ ಕಾಗದದ ಮೇಲೆ ನನ್ನೊಬ್ಬನ ಹೆಸರೇ ಇದೆ. ಅದೂ ಒಂದು ಹಾಜರಿ ಪುಸ್ತಕವೇ.